ಕ್ವಾಂಟ್ ಕಮ್ಮಿ ಬಂದ್ರೆ ಎಂಬಿಎ ಆಸೆನೇ ಬಿಡಬೇಕಾ?

ಅಮೆರಿಕದಲ್ಲಿ ಎಂಬಿಎ ಮಾಡೋಕೆ ಅಂತ ಅಕ್ಕನ ಮಗಳು ಜಿಮ್ಯಾಟ್ ಪ್ರವೇಶ ಪರೀಕ್ಷೆ ಬರೆದ್ಲು, ವರ್ಬಲ್ (ಭಾಷೆ) 86, ಕ್ವಾಂಟ್ (ಲೆಕ್ಕ) ಬರೀ 74. ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ದೇ ತಡ, ಅವಳ ದೊಡ್ಡಪ್ಪ "ಲೆಕ್ಕ ಕೈಗೆ ಹತ್ತದಿದ್ರೆ ಎಂಬಿಎ ಯಾಕಮ್ಮಾ, ಬೇರೆ ಏನಾದ್ರೂ ನೋಡು" ಅಂತ ಬರೆದ್ರು. ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ನಂಗೊತ್ತು, ಆದ್ರೂ ಚುಚ್ತು. ಯಾಕಂದ್ರೆ ನಮ್ಮ ಕಡೆ ಎಲ್ರೂ ಯೋಚ್ನೆ ಮಾಡೋದೇ ಹಾಗೆ, ನಂಬರ್ ಬಂತಾ, ಮುಗೀತು, ಮನುಷ್ಯನ ಬೆಲೆ ಕಟ್ಟಾಯ್ತು.

ನಮ್ಮಲ್ಲಿ ಐಐಎಂ ಸೇರೋಕೆ ಬರೆಯೋ ಕ್ಯಾಟ್ ವಿಷಯಾನೇ ತಗೊಳ್ಳಿ. ಮೂರು ಸೆಕ್ಷನ್, ಒಂದೊಂದಕ್ಕೆ 40 ನಿಮಿಷ, ವರ್ಷಕ್ಕೆ ಒಂದೇ ಸಲ. ಒಟ್ಟು ಪರ್ಸೆಂಟೈಲ್ ಎಷ್ಟೇ ಚೆನ್ನಾಗಿರ್ಲಿ, ಕ್ವಾಂಟಲ್ಲಿ ಆ ಸೆಕ್ಷನ್ನಿಗಿಟ್ಟ ಕಟಾಫ್ ದಾಟ್ಲಿಲ್ಲ ಅಂದ್ರೆ ಐಐಎಂ ಇಂಟರ್‌ವ್ಯೂ ಕಾಲ್ ಬರಲ್ಲ, ನಿಮ್ಮ ಕೆಲಸ ಏನು, ಏನ್ ಸಾಧಿಸಿದೀರಿ ಅಂತ ಕೇಳೋ ಹಂತಕ್ಕೇ ಹೋಗಲ್ಲ. ಸಾಲದ್ದಕ್ಕೆ ಎಸೆಸೆಲ್ಸಿ, ಪಿಯುಸಿ ಮಾರ್ಕ್ಸಿಗೂ ವೇಟೇಜು! ಹದಿನಾರನೇ ವಯಸ್ಸಲ್ಲಿ ಹುಷಾರಿಲ್ದೆ ಪರೀಕ್ಷೆ ಬರೆದಿದ್ದು ಇಪ್ಪತ್ತಾರಕ್ಕೂ ಬೆನ್ನು ಬಿಡಲ್ಲ.

ಇಲ್ಲಿ ಅಮೆರಿಕದಲ್ಲಿ ಅಡ್ಮಿಷನ್ ಕಮಿಟಿಯವ್ರು ಕೇಳ್ಕೊಳ್ಳೋ ಪ್ರಶ್ನೆನೇ ಬೇರೆ. ಮೊದಲ ಸೆಮಿಸ್ಟರಲ್ಲಿ ಸ್ಟ್ಯಾಟಿಸ್ಟಿಕ್ಸ್, ಫೈನಾನ್ಸ್, ಅಕೌಂಟಿಂಗ್ ಒಟ್ಟಿಗೆ ಮೈಮೇಲೆ ಬೀಳುತ್ತೆ, ಇವಳು ತಡ್ಕೋತಾಳಾ? ಜಿಮ್ಯಾಟಲ್ಲಿ ಕ್ಯಾಲ್ಕುಲೇಟರ್ ಇಲ್ದೆ 45 ನಿಮಿಷದಲ್ಲಿ 21 ಲೆಕ್ಕ ಮಾಡಿದ ಸ್ಕೋರ್ ಅದಕ್ಕೆ ಒಂದು ಉತ್ತರ, ಅದೊಂದೇ ಉತ್ತರ ಅಲ್ಲ. ಯಾವುದಾದ್ರೂ ಯೂನಿವರ್ಸಿಟಿ ಎಕ್ಸ್‌ಟೆನ್ಷನಲ್ಲಿ (ಹೊರಗಿನವ್ರಿಗೂ ಕೋರ್ಸ್ ನಡೆಸೋ ವಿಭಾಗ) ಸ್ಟ್ಯಾಟಿಸ್ಟಿಕ್ಸ್ ಅಥವಾ ಕ್ಯಾಲ್ಕುಲಸ್ ತಗೊಂಡು ಎ ಗ್ರೇಡ್ ತೋರಿಸ್ಬಹುದು, ಹಾರ್ವರ್ಡ್‌ನವರ 'ಕೋರ್' ಅನ್ನೋ ಆನ್‌ಲೈನ್ ಬಿಸಿನೆಸ್ ಕೋರ್ಸ್ ಮಾಡ್ಬಹುದು, ಜಿಮ್ಯಾಟ್ ಬದಲು ಜಿಆರ್‌ಇ ಪರೀಕ್ಷೆ ಬರೀಬಹುದು (ಅದರ ಕ್ವಾಂಟಲ್ಲಿ ಸ್ಕ್ರೀನ್ ಮೇಲೇ ಕ್ಯಾಲ್ಕುಲೇಟರ್ ಇರುತ್ತೆ, ಹೆಚ್ಚಿನ ಸ್ಕೂಲ್‌ಗಳು ಎರಡರಲ್ಲಿ ಯಾವ್ದಾದ್ರೂ ತಗೋತಾರೆ). ಜಿಮ್ಯಾಟ್ ಇನ್ನೊಂದ್ಸಲ ಬರೀಬೇಕಂದ್ರೆ 16 ದಿನ ಕಾದ್ರೆ ಸಾಕು, ಸ್ಕೋರ್ ನೋಡಿದ ಮೇಲೆ ಕಳಿಸ್ಬೇಕೋ ಬೇಡ್ವೋ ನಾವೇ ನಿರ್ಧಾರ ಮಾಡ್ಬಹುದು.

ನಾನು ಇಲ್ಲಿ ಎಂಬಿಎ ಮಾಡುವಾಗ ನಮ್ಮ ಟೀಮಲ್ಲಿ ಸಂಗೀತದಲ್ಲಿ ಡಿಗ್ರಿ ಮಾಡಿ ಬಂದ ಒಬ್ಬಳಿದ್ಲು. ಕ್ಲಾಸ್ ಶುರುವಾಗೋ ಮುಂಚೆ ಮ್ಯಾತ್ ಕ್ಯಾಂಪಿಗೆ ಹೋಗಿ ಬಂದಿದ್ಲು. ಒಂದು ಫೈನಾನ್ಸ್ ಕೇಸಲ್ಲಿ ನಾವು ಇಂಜಿನಿಯರ್‌ಗಳೆಲ್ಲ ಸೇರಿ ಎಕ್ಸೆಲ್ ಶೀಟಲ್ಲಿ ಎನ್‌ಪಿವಿ (ಮುಂದೆ ಬರೋ-ಹೋಗೋ ದುಡ್ಡಿಗೆ ಇವತ್ತಿನ ಬೆಲೆ ಎಷ್ಟು ಅನ್ನೋ ಲೆಕ್ಕ) ಕಟ್ಟಿ, ಡೆಸಿಮಲ್ ಸಮೇತ ತಾಳೆ ನೋಡಿ ಖುಷಿಯಾಗಿದ್ವಿ. ಅವಳು ಬೆರಳಿಟ್ಟು ಕೇಳಿದ್ಲು, "ಐದನೇ ವರ್ಷಕ್ಕೆ ಸೇಲ್ಸ್ ಇಷ್ಟು ಏರುತ್ತೆ ಅಂತ ಯಾರು ಹೇಳಿದ್ದು?" ಯಾರೂ ಹೇಳಿರ್ಲಿಲ್ಲ. ಆ ಒಂದು ಸಾಲು ಬದಲಾಯಿಸಿದ್ರೆ ಇಡೀ ಪ್ರಾಜೆಕ್ಟೇ ನಷ್ಟಕ್ಕೆ ತಿರುಗ್ತಿತ್ತು. ಕಟಾಫ್ ಇಟ್ಟಿದ್ರೆ ಅವಳು ಆ ರೂಮಲ್ಲೇ ಇರ್ತಿರ್ಲಿಲ್ಲ.

ಅದಕ್ಕೇ ಅಕ್ಕನ ಮಗಳಿಗೆ ಅಪ್ಲಿಕೇಷನ್ ಜೊತೆ ಆಪ್ಷನಲ್ ಎಸ್ಸೆ (ಕಮ್ಮಿ ಸ್ಕೋರ್ ಥರದ್ದನ್ನ ವಿವರಿಸೋ ಬರಹ) ಬರೀ ಅಂದೆ. ಮೊದಲ ಡ್ರಾಫ್ಟ್ ಪೂರ್ತಿ ಕ್ಷಮಾಪಣೆ, ಚಿಕ್ಕಂದಿನಿಂದ ಲೆಕ್ಕ ಕಂಡ್ರೆ ಭಯ, ಟೆನ್ಷನ್ ಆಯ್ತು, ಹಾಗೆ ಹೀಗೆ. "ಮಾಮ, ನಿಜಾನೇ ತಾನೇ ಬರ್ದಿರೋದು" ಅಂದ್ಲು. ನಿಜಾನೇ ಕಣಮ್ಮಾ, ಆದ್ರೆ ಓದೋರಿಗೆ ಬೇಕಿರೋದು ಪುರಾವೆ. ಈಗ ಅದು ಐದಾರು ಸಾಲಿಗೆ ಇಳಿದಿದೆ: ಸ್ಕೋರ್ ಕಮ್ಮಿ ಅಂತ ನೇರವಾಗಿ ಒಪ್ಪಿಕೊಂಡಿದಾಳೆ, ಎನ್‌ಜಿಒದಲ್ಲಿ ಮೂರು ಜಿಲ್ಲೆಯ ಬಜೆಟ್ ಅವಳೇ ಕಟ್ಟಿ ಆಡಿಟ್‌ಗೆ ಉತ್ತರ ಕೊಟ್ಟಿದ್ದು, ಈಗ ಸ್ಟ್ಯಾಟಿಸ್ಟಿಕ್ಸ್ ಕೋರ್ಸ್ ಮಾಡ್ತಿರೋದು, ಅಷ್ಟೇ. ಅವಳ ಬಾಸ್ ರೆಕಮಂಡೇಷನಲ್ಲಿ ಅದೇ ಬಜೆಟ್ ಕೆಲಸದ ಬಗ್ಗೆ ಬರೀತೀನಿ ಅಂದಿದಾರೆ.

ಹಾಗಂತ ಇಲ್ಲಿಯವ್ರು ಸ್ಕೋರ್ ನೋಡೋದೇ ಇಲ್ಲ ಅಂತಲ್ಲ. ಸರಾಸರಿ ಸ್ಕೋರ್ ಪ್ರಕಟ ಮಾಡ್ತಾರೆ, ರ‍್ಯಾಂಕಿಂಗಲ್ಲಿ ಅದು ಲೆಕ್ಕಕ್ಕೆ ಬರುತ್ತೆ, ಭಾರತದಿಂದ ಅಪ್ಲೈ ಮಾಡೋರಲ್ಲಿ ಕ್ವಾಂಟ್ ಗಟ್ಟಿ ಇರೋರೇ ಜಾಸ್ತಿ, ಅವರ ಪಕ್ಕ 74 ಎದ್ದು ಕಾಣುತ್ತೆ. ಇನ್ನೊಂದು ಮಾತು, ಇಷ್ಟ ಇಲ್ದಿದ್ರೂ ಹೇಳ್ಲೇಬೇಕು. ಎಸ್ಸೆ ತಿದ್ದೋಕೆ ಅವಳಿಗೆ ನಾನಿದ್ದೆ. ಸ್ಕೂಲಿಗೊಂದು ಅಪ್ಲಿಕೇಷನ್ ಫೀ, ಇಂಗ್ಲಿಷಲ್ಲಿ ಚೆನ್ನಾಗಿ ಬರೆದುಕೊಡೋ ಬಾಸು, ಕೋರ್ಸಿಗೆ ದುಡ್ಡು, ಇದೆಲ್ಲ ಎಲ್ರಿಗೂ ಎಲ್ಲಿಂದ ಬರ್ಬೇಕು? ಯಾರ ಪರಿಚಯಾನೂ ಇಲ್ದಿರೋ ಹುಡುಗನಿಗೆ ಕ್ಯಾಟ್ ಕೊಡೋ ಆ ಒಂದು ನಂಬರನ್ನ ಯಾವ ವಶೀಲಿನೂ ಕಿತ್ಕೊಳ್ಳಕ್ಕಾಗಲ್ಲ. ಅದನ್ನ ನಾನು ಒಪ್ತೀನಿ.

ಆದ್ರೂ ಒಂದು ಸೆಕ್ಷನ್ ಕೈಕೊಟ್ರೆ ಬೇರೆ ದಾರೀಲಿ ತೋರ್ಸು ಅಂತ ಕೇಳೋದಕ್ಕೆ ನಮ್ಮ ಐಐಎಂನೋರಿಗೆ ಏನಡ್ಡಿ? ಕಟಾಫ್‌ಗಿಂತ ಸ್ವಲ್ಪ ಕೆಳಗಿರೋರಿಗೆ ಒಂದು ಬ್ರಿಡ್ಜ್ ಕೋರ್ಸ್ ಇಟ್ಟು, ಪಾಸಾದ್ರೆ ಇಂಟರ್‌ವ್ಯೂಗೆ ಕರೀರಿ. ಇಲ್ಲಿ ಎರಡನೇ ಸುತ್ತಿನ ಅಪ್ಲಿಕೇಷನ್ ಡೆಡ್‌ಲೈನ್ ಜನವರಿ ಮೊದಲಲ್ಲಿ, ನಮ್ಮ ಹುಡುಗಿ ಅಪ್ಲೈ ಮಾಡ್ತಾಳೆ, ಸೀಟ್ ಸಿಗುತ್ತೆ ಅಂತ ನಾನೇನೂ ಗ್ಯಾರಂಟಿ ಕೊಡಲ್ಲ. ದೊಡ್ಡಪ್ಪನಿಗೆ ಮಾತ್ರ ಫೋನ್ ಮಾಡಿ ಹೇಳಿದೀನಿ, ರಿಸಲ್ಟ್ ಬರೋ ತನಕ ಬೇರೆ ಏನಾದ್ರೂ ನೋಡು ಅಂತ ಮಗುಗೆ ಹೇಳ್ಬೇಡಿ ಅಂತ.