ಕರ್ತವ್ಯ ಪಥ ದಾಟಲಾರದ ಕಡತ

ಸರ್ಕಾರಿ ನೌಕರಿಯಲ್ಲಿ ವರ್ಗಾವಣೆಗೆ ಅಂಜದವರು ಕಡಿಮೆ. ಬೆಳಿಗ್ಗೆ ಮರಳಿನ ಲಾರಿಯನ್ನು ತಡೆದ ಅಧಿಕಾರಿ ಸಂಜೆಯೊಳಗೆ ಎತ್ತಂಗಡಿಯಾಗುತ್ತಾನೆ. ಮಕ್ಕಳ ಶಾಲೆ, ಹೆಂಡತಿಯ ಉದ್ಯೋಗ, ವೃದ್ಧ ತಾಯಿಯ ಔಷಧೋಪಚಾರ ಎಂದು ಎಷ್ಟು ಗೋಗರೆದರೂ ಹೊರಟ ಆದೇಶ ಹಿಂದಿರುಗುವುದಿಲ್ಲ. ಇಂಥ ವ್ಯವಸ್ಥೆಯ ನಡುವೆಯೇ, ಸರ್ಕಾರಗಳು ಬದಲಾದರೂ, ಪ್ರಧಾನಿಗಳು ಬಂದುಹೋದರೂ, ಕಾನೂನೇ ಎದುರು ನಿಂತು ಹೊರಡು ಎಂದರೂ, ಕುಳಿತ ಕಪಾಟಿನಿಂದ ಅಲುಗಾಡದ ಒಂದು ಭಾಗ್ಯಶಾಲಿ ವರ್ಗವಿದೆ. ಅದು ಕೇಂದ್ರ ಸರ್ಕಾರದ ಹಳೆಯ ಕಡತಗಳ ವರ್ಗ.

ಕೇಂದ್ರದ ಹಳೆಯ ದಾಖಲೆಗಳು ಬಂದು ಸೇರಬೇಕಾದ ಜಾಗವೆಂದರೆ ದೆಹಲಿಯ ಜನಪಥದಲ್ಲಿರುವ ರಾಷ್ಟ್ರೀಯ ಪತ್ರಾಗಾರ. ಅದರ ವಾಚನಾಲಯಕ್ಕೆ ಹೋಗುವ ಸಂಶೋಧಕರಿಗೆ ಈ ವರ್ಗದ ಪರಿಚಯ ಎರಡೇ ಅಕ್ಷರಗಳಲ್ಲಿ ಆಗುತ್ತದೆ. ಪರಿಚಯಪತ್ರ ಒಪ್ಪಿಸಿ, ನಮೂನೆ ತುಂಬಿ, ಸೂಚಿಯ ಸಂಪುಟಗಳಲ್ಲಿ ಬೆರಳಾಡಿಸಿ, ಕಡತದ ಸಂಖ್ಯೆಯನ್ನು ಬೇಡಿಕೆ ಚೀಟಿಯಲ್ಲಿ ಬರೆದು ಕಾದು ಕುಳಿತವರಿಗೆ, ಕಡತದ ಬದಲು ಅದೇ ಚೀಟಿ ಮರಳಿ ಬರುವುದುಂಟು. ಅದರ ಮೇಲೆ 'ಎನ್.ಟಿ.' ಎಂದು ಬರೆದಿರುತ್ತದೆ. ನಾಟ್ ಟ್ರಾನ್ಸ್‌ಫರ್ಡ್, ಅರ್ಥಾತ್ ವರ್ಗಾವಣೆಯಾಗಿಲ್ಲ. ಕೆಲವು ಚೀಟಿಗಳು ಕಾಗದ ಪುಡಿಯಾಗುವ ಸ್ಥಿತಿಯಲ್ಲಿದೆ ಎಂಬ ಒಕ್ಕಣೆಯೊಂದಿಗೆ ಬರುತ್ತವೆ. ಅದಾದರೂ ಒಂದು ಸಮಾಧಾನ, ಏಕೆಂದರೆ ಪುಡಿಯಾಗಲು ಮೊದಲು ಕಾಗದವೊಂದು ಆ ಕಟ್ಟಡದೊಳಗೆ ಇರಬೇಕಾಗುತ್ತದೆ. ಎನ್.ಟಿ.ಯಲ್ಲಿ ಆ ಸಮಾಧಾನವೂ ಇಲ್ಲ. ಸೂಚಿಯಲ್ಲಿ ಕಡತಕ್ಕೆ ಹೆಸರಿದೆ, ಸಂಖ್ಯೆಯಿದೆ, ವರ್ಷವಿದೆ. ದೇಹ ಮಾತ್ರ ತವರು ಸಚಿವಾಲಯದಲ್ಲಿಯೇ ಉಳಿದುಕೊಂಡಿದೆ, ಅಥವಾ ಉಳಿದುಕೊಂಡಿದೆಯೆಂದು ನಂಬಲಾಗಿದೆ.

ಇದಕ್ಕೆ ಪತ್ರಾಗಾರದ ಸಿಬ್ಬಂದಿಯನ್ನು ದೂರುವುದು ತಪ್ಪಾಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ತಲೆಕೆಳಗಾಗಿದೆ. ಪೂಜಾರಿ ಮಂಗಳಾರತಿಯ ತಟ್ಟೆ ಹಿಡಿದು ಸಿದ್ಧನಾಗಿಯೇ ಇದ್ದಾನೆ, ಗರ್ಭಗುಡಿಗೆ ದೇವರೇ ಬಂದಿಲ್ಲ.

ಕಡತಗಳ ಈ ಸ್ಥಿರತೆಯನ್ನು ಮೆಚ್ಚಬೇಕಾದರೆ ಅವುಗಳ ಪೂರ್ವಜರ ಚಂಚಲತೆಯನ್ನು ಸ್ವಲ್ಪ ನೋಡಬೇಕು. ಈ ಸಂಸ್ಥೆ ಹುಟ್ಟಿದ್ದು 1891ರ ಮಾರ್ಚ್ 11ರಂದು, ಕಲ್ಕತ್ತೆಯಲ್ಲಿ, ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಎಂಬ ಹೆಸರಿನಲ್ಲಿ. 1911ರಲ್ಲಿ ರಾಜಧಾನಿ ದೆಹಲಿಗೆ ಹೋಗುತ್ತದೆಂದು ಘೋಷಣೆಯಾಯಿತು. ಹೊಸ ದೆಹಲಿಯ ವಾಸ್ತುಶಿಲ್ಪಿ ಎಡ್ವಿನ್ ಲುಟೆನ್ಸ್ ಎರಡು ಹೆದ್ದಾರಿಗಳು ಕೂಡುವ ಜಾಗದಲ್ಲಿ ನಾಲ್ಕು ಭವ್ಯ ಕಟ್ಟಡಗಳನ್ನು ಯೋಜಿಸಿದ್ದರೂ ಎದ್ದು ನಿಂತದ್ದು ಒಂದೇ, 1926ರಲ್ಲಿ ಪೂರ್ಣಗೊಂಡ ದಾಖಲೆಗಳ ಕಟ್ಟಡ. ಕಲ್ಕತ್ತೆಯಿಂದ ಎಲ್ಲ ದಾಖಲೆಗಳು ಬಂದು ಸೇರುವ ಹೊತ್ತಿಗೆ 1937 ಆಗಿತ್ತು. 1,400 ಕಿಲೋಮೀಟರಿಗೂ ಹೆಚ್ಚಿನ ಹಾದಿಯನ್ನು ಕ್ರಮಿಸಲು ಘೋಷಣೆಯಿಂದ 26 ವರ್ಷ ಹಿಡಿಯಿತೆಂದು ಅಂದಿನವರು ಗೊಣಗಿರಬಹುದು. ಪಾಪ, ಅವರಿಗೆ ಮುಂದಿನ ಕಾಲದ ಕಲ್ಪನೆ ಇರಲಿಲ್ಲ.

ರಕ್ಷಣಾ ಸಚಿವಾಲಯ ದಶಕಗಳ ಕಾಲ ನೆಲೆಸಿದ್ದ, ರೈಸಿನಾ ಗುಡ್ಡದ ಮೇಲಿನ ಸೌತ್ ಬ್ಲಾಕ್‌ನಿಂದ ಇದೇ ಕಟ್ಟಡಕ್ಕೆ ಎರಡು ಕಿಲೋಮೀಟರೂ ಇಲ್ಲ. ದಾರಿ ಇಳಿಜಾರು, ನೇರ, ಅಗಲ. ಪ್ರತಿ ಜನವರಿ 26ರಂದು ಟ್ಯಾಂಕುಗಳೂ ಕ್ಷಿಪಣಿಗಳೂ ಒಂಟೆಗಳ ಸಾಲೂ ಯಾವ ತೊಂದರೆಯಿಲ್ಲದೆ ಅದರ ಮೇಲೆ ಸಾಗುತ್ತವೆ. 2022ರ ಸೆಪ್ಟೆಂಬರಿನಲ್ಲಿ ಆ ರಾಜಪಥಕ್ಕೆ ಕರ್ತವ್ಯ ಪಥ ಎಂದು ಮರುನಾಮಕರಣವಾಯಿತು. ಅದೇ ಡಿಸೆಂಬರಿನಲ್ಲಿ ಪತ್ರಾಗಾರದ ಆಗಿನ ಮಹಾನಿರ್ದೇಶಕರು ಸರ್ಕಾರದ ಒಂದು ಕಾರ್ಯಾಗಾರದಲ್ಲಿ ಎದ್ದು ನಿಂತು, 1962, 1965 ಮತ್ತು 1971ರ ಯುದ್ಧಗಳ ದಾಖಲೆಗಳು ತಮ್ಮಲ್ಲಿ ಇಲ್ಲವೆಂದೂ, ನಾವು ಸದಾ ಕೊಂಡಾಡುವ ಹಸಿರು ಕ್ರಾಂತಿಯ ದಾಖಲೆಗಳೂ ಇಲ್ಲವೆಂದೂ ವಿಷಾದದಿಂದ ಹೇಳಿದರು. ಅವರೇ ಕೊಟ್ಟ ಲೆಕ್ಕದಂತೆ ಸಚಿವಾಲಯಗಳೂ ಇಲಾಖೆಗಳೂ ಸೇರಿ 151 ಇದ್ದರೆ, ಪತ್ರಾಗಾರದಲ್ಲಿ ದಾಖಲೆಗಳಿದ್ದದ್ದು 64 ಕಚೇರಿಗಳದ್ದು, ಅವುಗಳಲ್ಲಿ ಸಚಿವಾಲಯ ಮತ್ತು ಇಲಾಖೆಗಳು 36. ರಸ್ತೆಗೆ ಕರ್ತವ್ಯದ ಹೆಸರಿಟ್ಟ ಮೇಲೆ ಕರ್ತವ್ಯವನ್ನು ಬೇರೆಯಾಗಿ ಮಾಡುವ ಅಗತ್ಯವಿಲ್ಲವೆಂದು ಉಳಿದ ಇಲಾಖೆಗಳು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಕಾನೂನು ಇಲ್ಲವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಇದೆ. ಸಾರ್ವಜನಿಕ ದಾಖಲೆಗಳ ಕಾಯ್ದೆ 1993ರಲ್ಲಿ ಅಂಗೀಕಾರವಾಗಿ, 1995ರಲ್ಲಿ ಜಾರಿಗೆ ಬಂದು, 1997ರಲ್ಲಿ ನಿಯಮಗಳನ್ನು ಪಡೆಯಿತು; ದಾಖಲೆಗಳ ಕುರಿತ ಕಾನೂನಾದ್ದರಿಂದ ದಾಖಲೆಗಳ ನಡಿಗೆಯನ್ನೇ ಅದೂ ಅನುಸರಿಸಿತು. ಪ್ರತಿ ಕಚೇರಿಯೂ ಒಬ್ಬ ದಾಖಲೆ ಅಧಿಕಾರಿಯನ್ನು ನೇಮಿಸಬೇಕು, ಆತ 25 ವರ್ಷ ದಾಟಿದ ಕಡತಗಳನ್ನು ಪತ್ರಾಗಾರದವರೊಂದಿಗೆ ಕುಳಿತು ಪರಿಶೀಲಿಸಿ ಶಾಶ್ವತ ಮೌಲ್ಯದವನ್ನು ಉಳಿಸಬೇಕು, 30 ವರ್ಷ ಮೀರಿ ಪತ್ರಾಗಾರವನ್ನು ಸೇರಿದ, ಗೋಪ್ಯವಲ್ಲದ ದಾಖಲೆಗಳನ್ನು ಪ್ರಾಮಾಣಿಕ ಸಂಶೋಧಕರಿಗೆ ಕೊಡಬಹುದು ಎಂದೆಲ್ಲ ಕಾಯ್ದೆ ಹೇಳುತ್ತದೆ. ಇಲ್ಲಿ 'ಪ್ರಾಮಾಣಿಕ' ಎಂಬ ವಿಶೇಷಣ ಸಂಶೋಧಕನಿಗೆ ಮಾತ್ರ ಅಂಟಿಕೊಂಡಿರುವುದನ್ನು ಓದುಗರು ಗಮನಿಸಬೇಕು. ತಾನು ಪ್ರಾಮಾಣಿಕನೆಂದು ಆತ ಪರಿಚಯಪತ್ರ ತಂದು ಸಾಬೀತುಪಡಿಸಬೇಕು. ಕಡತವನ್ನು ಮನೆಯಲ್ಲಿಟ್ಟುಕೊಂಡ ಇಲಾಖೆ ಯಾವ ಪರಿಚಯಪತ್ರವನ್ನೂ ತೋರಿಸಬೇಕಾಗಿಲ್ಲ.

ಶಿಕ್ಷೆಯ ಭಾಗ ಇನ್ನೂ ಸೊಗಸಾಗಿದೆ. ದಾಖಲೆಯನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಒಯ್ದರೆ ಅಥವಾ ನಿಯಮ ಮೀರಿ ನಾಶಪಡಿಸಿದರೆ ಐದು ವರ್ಷಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ. ಕಳುಹಿಸದೆ ಇಟ್ಟುಕೊಂಡರೆ? ಅದಕ್ಕೆ ಆ ಶಿಕ್ಷೆಯ ಕಲಮಿನಲ್ಲಿ ಜಾಗವಿಲ್ಲ. ಸುಡುವುದು ಅಪರಾಧ, ಸಾಗಿಸುವುದು ಅಪರಾಧ. ಗೆದ್ದಲಿಗೆ ಬಿಟ್ಟು ಬೀಗ ಹಾಕಿ ನಿವೃತ್ತರಾಗುವುದು ಸೇವಾವಧಿಯ ಸಹಜ ಮುಕ್ತಾಯ. ಬುದ್ಧಿವಂತ ಗುಮಾಸ್ತನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ಬಾರದ ಕಡತಗಳ ಸಮುದಾಯಕ್ಕೆ ಒಬ್ಬ ಯಜಮಾನನನ್ನು ಆರಿಸಬೇಕೆಂದರೆ ಆ ಪಟ್ಟ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಗೆ ಸಲ್ಲಬೇಕು. 1962ರ ಚೀನಾ ಯುದ್ಧದ ಸೋಲಿನ ಕಾರಣಗಳನ್ನು ಇಬ್ಬರು ಸೇನಾಧಿಕಾರಿಗಳು ವಿಚಾರಿಸಿ 1963ರಲ್ಲಿ ಒಪ್ಪಿಸಿದ ಈ ವರದಿಯನ್ನು ಸರ್ಕಾರ ಪ್ರಕಟಿಸಲೇ ಇಲ್ಲ. 2010ರಲ್ಲಿ ರಕ್ಷಣಾ ಸಚಿವರು ಸಂಸತ್ತಿಗೆ ಕೊಟ್ಟ ಕಾರಣವೆಂದರೆ, ಅದರಲ್ಲಿರುವುದು ಅತಿ ಸೂಕ್ಷ್ಮ ಮಾತ್ರವಲ್ಲ, ಸೇನಾ ಕಾರ್ಯಾಚರಣೆಯ ದೃಷ್ಟಿಯಿಂದ ಇಂದಿಗೂ ಪ್ರಸ್ತುತ ಎಂಬುದು. ಸೋತು 48 ವರ್ಷಗಳಾದ ಮೇಲೂ ಸೋಲಿನ ಕಾರಣಗಳು ಹಾಗೆಯೇ ಪ್ರಸ್ತುತವಾಗಿ ಉಳಿದಿವೆ ಎಂಬುದು ಶತ್ರುವಿಗೆ ತಿಳಿಯಬಾರದ ಸಂಗತಿಯೇ ಸರಿ. ಅದನ್ನು ಸಂಸತ್ತಿನಲ್ಲಿ ಘೋಷಿಸಿದ್ದು ಮಾತ್ರ ಸ್ವಲ್ಪ ಅಚಾತುರ್ಯವಾಯಿತು. 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಪತ್ರಕರ್ತ ವರದಿಯ ದೊಡ್ಡ ಭಾಗವನ್ನು ಅಂತರ್ಜಾಲಕ್ಕೆ ಹಾಕಿದ ಬಳಿಕ, ಬೀಜಿಂಗಿನವರೂ ಸೇರಿದಂತೆ ಯಾರು ಬೇಕಾದರೂ ಮನೆಯಲ್ಲಿ ಕುಳಿತು ಓದಬಹುದಾದ ಆ ಪುಟಗಳನ್ನು ಓದುವ ಅಧಿಕೃತ ಅವಕಾಶ ಇಲ್ಲದವನೆಂದರೆ ಜನಪಥದ ವಾಚನಾಲಯದಲ್ಲಿ ಶಿಸ್ತಾಗಿ ಕಾದು ಕುಳಿತ ಆ ಪ್ರಾಮಾಣಿಕ ಸಂಶೋಧಕ.

ನೆರವು ಬೇಕೆಂದರೆ ಪರದೇಶಗಳಿವೆ. 1971ರ ಬಿಕ್ಕಟ್ಟಿನ ಬಗ್ಗೆ ಅಮೆರಿಕದ ವಿದೇಶಾಂಗ ಇಲಾಖೆ 2005ರಲ್ಲಿಯೇ ದಪ್ಪನೆಯ ದಾಖಲೆ ಸಂಪುಟವನ್ನು ಹೊರತಂದಿದೆ. ಅಂದಿನ ಅಧ್ಯಕ್ಷ ನಿಕ್ಸನ್ ಮತ್ತು ಅವರ ಸಲಹೆಗಾರ ಕಿಸಿಂಜರ್ ಕೋಣೆಯ ಬಾಗಿಲು ಹಾಕಿಕೊಂಡು ಇಂದಿರಾ ಗಾಂಧಿಯವರನ್ನು ಹೇಗೆಲ್ಲ ಜರೆದರೆಂದು ಅಕ್ಷರಶಃ ಓದಲು ಕಾಸು ಖರ್ಚಿಲ್ಲ. ಅದೇ ಹೊತ್ತಿನಲ್ಲಿ ನಮ್ಮ ಕಡೆಯವರು ಏನೆಂದುಕೊಂಡರು ಎಂಬುದು ಎನ್.ಟಿ. ಹೀಗಾಗಿ ನಮ್ಮ ಗೆಲುವಿನ ಚರಿತ್ರೆಯನ್ನು ನಮ್ಮನ್ನು ಬೈದವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕಾದ ಸ್ಥಿತಿ ಒದಗಿದೆ. ಆತ್ಮನಿರ್ಭರತೆಯ ಯೋಜನೆಗಳಲ್ಲಿ ಇದು ಇನ್ನೂ ಸೇರಿದಂತಿಲ್ಲ.

ಕನ್ನಡನಾಡಿನ ಸಂಶೋಧಕರು ಇಷ್ಟು ಹತಾಶರಾಗಬೇಕಿಲ್ಲ, ಅವರು ಸ್ವಾತಂತ್ರ್ಯಕ್ಕೆ ಹಿಂದಿನ ವಿಷಯವನ್ನು ಆಯ್ದುಕೊಂಡಿದ್ದರೆ. 1831ರಿಂದ 1881ರವರೆಗೆ ಮೈಸೂರನ್ನು ಕಮಿಷನರುಗಳು ಆಳಿದ ಕಾಲದ ಪತ್ರವ್ಯವಹಾರ ಅಂದಿನ ಫಾರಿನ್ ಡಿಪಾರ್ಟ್‌ಮೆಂಟಿನ ಕಡತಗಳಲ್ಲಿ ದೆಹಲಿಯ ಅದೇ ಕಟ್ಟಡದಲ್ಲಿದೆ. ಆ ಕಮಿಷನರುಗಳಲ್ಲಿ ಒಬ್ಬನಾದ ಮಾರ್ಕ್ ಕಬ್ಬನ್ನನ ಆಡಳಿತವನ್ನು ಅವನ ಮೇಲಧಿಕಾರಿಗಳು ಹೇಗೆ ತೂಗಿ ನೋಡಿದರೆಂದು ಅಲ್ಲಿ ಹುಡುಕಬಹುದು. ನಮ್ಮನ್ನು ಆಳಿದವರು ಏನು ಮಾಡಿದರೆಂಬುದಕ್ಕೆ ಪುರಾವೆಯಿದೆ, ನಾವು ಆರಿಸಿದವರು ಏನು ಮಾಡಿದರೆಂಬುದಕ್ಕೆ ಚೀಟಿಯಿದೆ.

ಕಡತ ಎಂಬ ಮಾತೂ ಇಲ್ಲಿ ನೆನಪಿಗೆ ಬರುತ್ತದೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದು, ಬೇಡವಾದಾಗ ಒರೆಸಿಬಿಡಬಹುದಾಗಿದ್ದ ಲೆಕ್ಕದ ಪುಸ್ತಕವೇ ನಮ್ಮ ಹಿರಿಯರ ಕಡತ. ಅಂಗೈಯಿಂದ ಒರೆಸಿದರೆ ಅಳಿಸಿಹೋಗುತ್ತಿದ್ದ ಅಂಥ ಕಡತಗಳು ಶೃಂಗೇರಿ ಮಠದಲ್ಲಿ ಇಂದಿಗೂ ಉಳಿದಿವೆ. ಅಳಿಸಲಾಗದ ಶಾಯಿಯಲ್ಲಿ ಬರೆದು, ಟ್ಯಾಗು ಕಟ್ಟಿ, ರಕ್ಷಣೆಗೆ ಕಾಯ್ದೆಯನ್ನೇ ಮಾಡಿದವು ಸಿಗುತ್ತಿಲ್ಲ.

2015ರಲ್ಲಿ ಅಭಿಲೇಖ ಪಟಲ ಎಂಬ ಜಾಲತಾಣ ಬಂದು ಸಾವಿರಾರು ಹಳೆಯ ಕಡತಗಳು ಮನೆಯಿಂದಲೇ ಓದಲು ಸಿಕ್ಕಿವೆ. ಅದು ನಿಜವಾದ ಉಪಕಾರ, ಅದರಲ್ಲಿ ಕೊಂಕಿಲ್ಲ. ಆದರೆ ಕಟ್ಟಡಕ್ಕೇ ಬಾರದ ಕಾಗದವನ್ನು ಸ್ಕ್ಯಾನ್ ಮಾಡುವ ಯಂತ್ರವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯವೂ ಯುದ್ಧಗಳ ಇತಿಹಾಸವನ್ನು ಐದು ವರ್ಷಗಳೊಳಗೆ ಬರೆಸುವ, 25 ವರ್ಷ ದಾಟಿದ ದಾಖಲೆಗಳನ್ನು ಪರಿಶೀಲಿಸಿ ಪತ್ರಾಗಾರಕ್ಕೆ ಕಳುಹಿಸುವ ನೀತಿಯನ್ನು ಪ್ರಕಟಿಸಿತು. ಮಹಾನಿರ್ದೇಶಕರ ವಿಷಾದ ಇದಾದ ಒಂದೂವರೆ ವರ್ಷದ ನಂತರದ್ದು.

ಆದ್ದರಿಂದ ಒಂದು ವಿನಮ್ರ ಸಲಹೆ. ಕಡತಗಳನ್ನೂ ಕೇಂದ್ರ ಸೇವಾ ನಿಯಮಗಳ ವ್ಯಾಪ್ತಿಗೆ ತಂದು, 25 ವರ್ಷ ತುಂಬಿದ ದಿನವೇ ಅವುಗಳ ಹೆಸರಿನಲ್ಲಿ ವರ್ಗಾವಣೆ ಆದೇಶ ಹೊರಡಿಸಬೇಕು. ಪ್ರಯಾಣ ಭತ್ಯೆ, ಸಾಮಾನು ಸಾಗಣೆಯ ವೆಚ್ಚ, ಹೊಸ ಜಾಗಕ್ಕೆ ಸೇರಲು ಕಾಲಾವಕಾಶ ಎಲ್ಲವನ್ನೂ ಕೊಡಬೇಕು. ಎರಡು ಕಿಲೋಮೀಟರಿಗೆ ದೊಡ್ಡ ಖರ್ಚೇನೂ ಬೀಳದು. ಸಚಿವಾಲಯದ ಆಯಕಟ್ಟಿನ ಕಪಾಟು ಬಿಟ್ಟು ಪತ್ರಾಗಾರದಂಥ ನೀರು ನೆರಳಿಲ್ಲದ ಹುದ್ದೆಗೆ ಹೋಗಲು ಇಷ್ಟವಿಲ್ಲದ ಕಡತ, ಅನಾರೋಗ್ಯದ ಕಾರಣ ನೀಡಿ, ತನ್ನ ಕಾಗದ ಜೀರ್ಣವಾಗಿದೆಯೆಂಬ ಪ್ರಮಾಣಪತ್ರವನ್ನು ಲಗತ್ತಿಸಿ, ಕೇಂದ್ರ ಆಡಳಿತ ನ್ಯಾಯಮಂಡಳಿಯಿಂದ ತಡೆಯಾಜ್ಞೆ ತರಬಹುದು. ಆ ತಡೆಯಾಜ್ಞೆಯ ಕಡತ ಯಾವ ವರ್ಷ ಪತ್ರಾಗಾರಕ್ಕೆ ಬರುತ್ತದೆಂದು ವಿಚಾರಿಸಲಿಚ್ಛಿಸುವವರು ಪರಿಚಯಪತ್ರ ಮತ್ತು ಸೀಸದ ಕಡ್ಡಿಯೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು.