ಹೊಗೆ ಬಿಟ್ಟವರಿಗೆ ಹಸಿರು ಶಾಲು

ಆಷಾಢದಲ್ಲಿ ಮದುವೆ ಇರುವುದಿಲ್ಲ. ಹಿಂದೆಲ್ಲ ಹೋಟೆಲಿನ ಬ್ಯಾಂಕ್ವೆಟ್ ಹಾಲಿನವರು ಆ ಒಂದು ತಿಂಗಳು ನೊಣ ಹೊಡೆಯುತ್ತಾ ಕೂರುತ್ತಿದ್ದರು. ಈಗ ಆ ಚಿಂತೆಯಿಲ್ಲ. ಜೂನ್ 5ರ ವಿಶ್ವ ಪರಿಸರ ದಿನಕ್ಕೆ ಶುರುವಾಗುವ ಹಸಿರು ಪ್ರಶಸ್ತಿಗಳ ಹಂಗಾಮು ಶ್ರಾವಣದ ಹೊಸ್ತಿಲವರೆಗೂ ಎಳೆದುಕೊಂಡು ಹೋಗುತ್ತದೆ. ಬೆಂಗಳೂರಿನಲ್ಲಂತೂ ಕೊಡುವವರಿಗೂ ಬರವಿಲ್ಲ, ತೆಗೆದುಕೊಳ್ಳುವವರಿಗೂ ಬರವಿಲ್ಲ. ವರ್ಷದ ಹಸಿರು ಸಂಸ್ಥೆ, ಇಂಗಾಲ ಇಳಿಸಿದ ಸಾಧಕ, ನೆಟ್ ಝೀರೋ (ಬಿಟ್ಟಷ್ಟು ಇಂಗಾಲವನ್ನು ಹಿಂದಕ್ಕೆಳೆದು ನಿವ್ವಳ ಶೂನ್ಯ ಮುಟ್ಟುವುದು) ನಾಯಕ. ನಾಯಕ ಆಗಲಾರದವರಿಗೆ ಉದಯೋನ್ಮುಖ ನೆಟ್ ಝೀರೋ ಅಂತ ಇನ್ನೊಂದು. ಇದನ್ನು ಪಡೆಯಲು ಶೂನ್ಯ ಮುಟ್ಟಬೇಕಾಗಿಲ್ಲ, 2050ಕ್ಕೆ ಮುಟ್ಟುತ್ತೇವೆ ಅಂತ ಮಾತು ಕೊಟ್ಟರೆ ಸಾಕು. ಅಷ್ಟು ಹೊತ್ತಿಗೆ ಮಾತು ಕೊಟ್ಟ ಎಂಡಿ ನಿವೃತ್ತರಾಗಿ, ಅವರ ಆತ್ಮಕಥೆಯೂ ಎರಡನೇ ಮುದ್ರಣ ಕಂಡಿರುತ್ತದೆ.

ಸಮಾರಂಭವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ದೀಪ ಹಚ್ಚಿದರೆ ಹೊಗೆ ಬರುತ್ತದಲ್ಲ, ಹಾಗಾಗಿ ಉದ್ಘಾಟನೆ ಗಿಡಕ್ಕೆ ನೀರೆರೆಯುವ ಮೂಲಕ. ವೇದಿಕೆ ಮೇಲೆ ಕಪ್ಪು ಪಾಲಿಥೀನ್ ಚೀಲದಲ್ಲಿ ಒಂದು ಸಸಿ, ಚೀಲ ಕಾಣದಿರಲಿ ಅಂತ ಸುತ್ತ ಚಿನ್ನದ ಬಣ್ಣದ ಜರಿ ಕಾಗದ. ಒಂದೇ ಚೊಂಬಿಗೆ ಐದು ಗಣ್ಯರ ಐದು ಕೈ. ಫೋಟೋಗ್ರಾಫರ್ "ಸಾರ್, ಇನ್ನೊಂದ್ಸಲ, ಈ ಕಡೆ ನೋಡ್ಕೊಂಡು" ಅನ್ನುತ್ತಾನೆ. ಮತ್ತೆ ನೀರು. ಅಧ್ಯಕ್ಷರು ತಡವಾಗಿ ಬಂದರು, ಅವರಿಗಾಗಿ ಮತ್ತೊಮ್ಮೆ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ನೀರಿನ ಅಭಾವವಿಲ್ಲದ ಏಕೈಕ ಜೀವಿ ಆ ಸಸಿ. ಗಣ್ಯರ ಮುಂದೆ ಎರಡೆರಡು ಗುಟುಕು ಕುಡಿದು ಬಿಟ್ಟ ಪ್ಲಾಸ್ಟಿಕ್ ಬಾಟಲಿಗಳ ಸಾಲು. ಹಿಂದೆ ಗೋಡೆಯಗಲದ ಫ್ಲೆಕ್ಸು, ಅದರಲ್ಲಿ "ಪ್ಲಾಸ್ಟಿಕ್ ಮುಕ್ತ ನಾಳೆಗಾಗಿ". ಫ್ಲೆಕ್ಸನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದೆ ಅನ್ನುವುದನ್ನು ಆ ಸಂತಸದ ಗಳಿಗೆಯಲ್ಲಿ ಯಾರೂ ಎತ್ತಬಾರದು.

ಎಸಿ 18ಕ್ಕಿದೆ. 24 ಡಿಗ್ರಿಯಲ್ಲಿಡಿ, ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಅಂತ ಇಂಧನ ದಕ್ಷತಾ ಬ್ಯೂರೋ ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದೆ. 2020ರಿಂದ ಹೊಸ ರೂಮ್ ಎಸಿಗಳು 24ರಲ್ಲೇ ಚಾಲೂ ಆಗಬೇಕೆಂಬ ನಿಯಮವೂ ಇದೆ. ಆದರೆ ಸಂಘಟಕರ ಕಷ್ಟವನ್ನೂ ನೋಡಬೇಕಲ್ಲ. ಸೂಟು, ಅದರ ಮೇಲೆ ಮೈಸೂರು ಪೇಟ, ಏಲಕ್ಕಿ ಹಾರ, ಶಾಲು. 24ರಲ್ಲಿ ಸಾಧಕರು ಬೆವರಿ ಹೋಗುತ್ತಾರೆ. 18ರಲ್ಲಾದರೆ ಹೊದಿಸಿದ ಶಾಲು ಅಲ್ಲೇ ಉಪಯೋಗಕ್ಕೂ ಬರುತ್ತದೆ. ಜೀವಮಾನದಲ್ಲಿ ಸನ್ಮಾನದ ಶಾಲನ್ನು ಚಳಿಗೆ ಹೊದ್ದವರನ್ನು ನಾನು ಕಂಡದ್ದು ಹಸಿರು ಪ್ರಶಸ್ತಿ ಸಮಾರಂಭದಲ್ಲಿ ಮಾತ್ರ.

ಇದೆಲ್ಲ ಬಿಡಿ, ಹಾರ ತುರಾಯಿ ನಮ್ಮ ಹಳೆಯ ಚಟ. ಅಸಲಿ ಕೈಚಳಕ ಇರುವುದು ಪ್ರಶಸ್ತಿಯ ಅರ್ಜಿ ನಮೂನೆಯಲ್ಲಿ.

ಅರ್ಜಿಯ ಲೆಕ್ಕದಲ್ಲಿ ಹೊಗೆಗೆ ಮೂರು ಸ್ಕೋಪು, ಅಂದರೆ ಮೂರು ಮನೆ. ಕಂಪನಿ ತಾನೇ ತನ್ನ ಬಾಯ್ಲರು, ಜನರೇಟರು, ವಾಹನಗಳಲ್ಲಿ ಸುಟ್ಟದ್ದು ಮೊದಲನೆಯದು. ಕೊಂಡ ವಿದ್ಯುತ್ತಿನದು ಎರಡನೆಯದು. ಉಳಿದದ್ದೆಲ್ಲ, ಅಂದರೆ ಸರಕು ಪೂರೈಸುವವರ ಹೊಗೆ, ಸಾಗಿಸುವವರ ಹೊಗೆ, ಮಾಲು ಕೊಂಡವನು ಅದನ್ನು ಬಳಸಿ ಬಿಡುವ ಹೊಗೆ, ಎಲ್ಲಾ ಮೂರನೆಯದು. ಎಷ್ಟೋ ಕಂಪನಿಗಳಿಗೆ ಹೊಗೆಯ ಬಹುಪಾಲು ಇರುವುದೇ ಈ ಮೂರನೇ ಮನೆಯಲ್ಲಿ. ಷೇರುಪೇಟೆಯ ನಿಯಂತ್ರಕ ಸೆಬಿ 2022–23ರಿಂದ ದೇಶದ ಮೊದಲ ಒಂದು ಸಾವಿರ ಲಿಸ್ಟೆಡ್ ಕಂಪನಿಗಳಿಗೆ ಸುಸ್ಥಿರತೆಯ ವರದಿಯನ್ನು ಕಡ್ಡಾಯ ಮಾಡಿತು. ಒಳ್ಳೆಯ ಕೆಲಸ. ಆ ನಮೂನೆಯಲ್ಲಿ ಮೊದಲ ಎರಡು ಸ್ಕೋಪು ಕಡ್ಡಾಯ, ಮೂರನೆಯದು ಐಚ್ಛಿಕ. ಜಾಣರಿಗೆ ಇಷ್ಟು ಸಾಲದೆ? ಕಂಪನಿಯ ಮೂವತ್ತು ಲಾರಿಗಳನ್ನು ಕಾಂಟ್ರಾಕ್ಟರನ ಹೆಸರಿಗೆ ಮಾಡಿ. ಅವೇ ಲಾರಿ, ಅದೇ ಡೀಸೆಲ್, ಅದೇ ಡ್ರೈವರ್, ಹಿಂದೆ "ಹಾರ್ನ್ ಓಕೆ ಪ್ಲೀಸ್" ಕೂಡ ಅದೇ. ಹೊಗೆ ಮಾತ್ರ ಒಂದನೇ ಮನೆಯಿಂದ ಮೂರನೇ ಮನೆಗೆ ಸಂಸಾರ ಸಮೇತ ಸ್ಥಳಾಂತರ. ಮುಂದಿನ ಜೂನ್‌ನಲ್ಲಿ ಪ್ರಶಸ್ತಿ.

ಲಾರಿ ಮಾರುವ ಮನಸ್ಸಿಲ್ಲದವರಿಗೆ ಭಾಗಾಕಾರವಿದೆ. ಹೋದ ವರ್ಷ ನೂರು ಕೋಟಿ ವಹಿವಾಟಿಗೆ ನೂರು ಟನ್ ಹೊಗೆ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಈ ವರ್ಷ ಇನ್ನೂರು ಕೋಟಿ ವಹಿವಾಟು, ನೂರಾ ಮೂವತ್ತು ಟನ್ ಹೊಗೆ. ನಮ್ಮಂಥ ದಡ್ಡರು ಇದನ್ನು ಮೂವತ್ತು ಟನ್ ಜಾಸ್ತಿ ಅನ್ನುತ್ತೇವೆ. ಸಲಹೆಗಾರರು ಕೋಟಿಯಿಂದ ಭಾಗಿಸಿ ಶೇ 35 ಇಳಿಕೆ ಅನ್ನುತ್ತಾರೆ. ಆಕಾಶಕ್ಕೆ ಮಾತ್ರ ಈ ಭಾಗಾಕಾರ ಇನ್ನೂ ಬಂದಿಲ್ಲ. ಅದು ಟನ್ ಲೆಕ್ಕದಲ್ಲೇ ಕಾಯುತ್ತಿದೆ.

ಮೂಲ ವರ್ಷ, ಅಂದರೆ ಯಾವ ವರ್ಷಕ್ಕೆ ಹೋಲಿಸಿ ಇಳಿಕೆ ಅನ್ನುವುದು, ಅದನ್ನು ಆರಿಸುವುದಕ್ಕೆ ಜ್ಯೋತಿಷ್ಯವೇ ಬೇಕು. 2020ರ ಮಾರ್ಚ್ 25ಕ್ಕೆ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಕಚೇರಿಯ ಲಿಫ್ಟು ನಿಂತಿತು, ಎಸಿ ನಿಂತಿತು, ಕ್ಯಾಬು ನಿಂತಿತು, ಕ್ಯಾಂಟೀನಿನ ಬೆಕ್ಕು ಕೂಡ ಊರು ಬಿಟ್ಟಿತು. ಅದರ ಹಿಂದಿನ ವರ್ಷವನ್ನು ಮೂಲ ಅಂತ ಹಿಡಿದವರಿಗೆ ಕೂತಲ್ಲೇ ಇಂಗಾಲ ಇಳಿಯಿತು. ಬೀಗದ ಕೈ ಇಟ್ಟುಕೊಂಡಿದ್ದ ಸೆಕ್ಯುರಿಟಿಯವನಿಗೆ ಸಲ್ಲಬೇಕಿದ್ದ ಗೌರವವನ್ನು ಸಿಇಒ ಸ್ವೀಕರಿಸಬೇಕಾಯಿತು.

ಇಷ್ಟೆಲ್ಲ ಮಾಡಿಯೂ ಒಂದಿಷ್ಟು ಹೊಗೆ ಉಳಿದೇ ಉಳಿಯುತ್ತದೆ. ಅದಕ್ಕೆ ಕಾರ್ಬನ್ ಕ್ರೆಡಿಟ್, ಅಂದರೆ ಬೇರೆಲ್ಲೋ ಯಾರೋ ಇಳಿಸಿದ ಇಂಗಾಲವನ್ನು ದುಡ್ಡು ಕೊಟ್ಟು ತನ್ನ ಲೆಕ್ಕಕ್ಕೆ ಬರೆಸಿಕೊಳ್ಳುವ ಚೀಟಿ. ಹೋಳಿಗೆ ತುಪ್ಪ ನಾನು ಹೊಡೆಯುತ್ತೇನೆ, ನನ್ನ ಪರವಾಗಿ ಏಕಾದಶಿ ನೀನು ಮಾಡು ಅಂತ ಪಕ್ಕದ ಮನೆಯ ಬಡವನಿಗೆ ಐವತ್ತು ರೂಪಾಯಿ ಕೊಡುವ ಪದ್ಧತಿ ಇದು. ಅವನು ಉಪವಾಸ ಇದ್ದನೋ, ಇಲ್ಲ ಹಿತ್ತಲಲ್ಲಿ ಉಪ್ಪಿಟ್ಟು ತಿಂದನೋ ನೋಡಿದವರು ಯಾರು? ನೋಡಲು ಹೋದವರೂ ಇದ್ದಾರೆ. 2023ರ ಜನವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ, ಜರ್ಮನಿಯ ಡೀ ಸೈಟ್ ವಾರಪತ್ರಿಕೆ, ತನಿಖಾ ಪತ್ರಕರ್ತರ ಸಂಸ್ಥೆ ಸೋರ್ಸ್‌ಮೆಟೀರಿಯಲ್ ಮೂವರೂ ಸೇರಿ, ಜಗತ್ತಿನ ಅತಿ ದೊಡ್ಡ ಕ್ರೆಡಿಟ್ ದೃಢೀಕರಣ ಸಂಸ್ಥೆ ವೆರಾದ ಮಳೆಕಾಡಿನ ಕ್ರೆಡಿಟ್‌ಗಳನ್ನು ಜಾಲಾಡಿದರು. ಅವುಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವು ನಿಜವಾಗಿ ಇಂಗಾಲ ಇಳಿಸಿರುವುದು ಅನುಮಾನ ಎಂದು ಬರೆದರು. ವೆರಾ ಒಪ್ಪಲಿಲ್ಲ, ಲೆಕ್ಕ ಹಾಕಿದ ರೀತಿಯೇ ತಪ್ಪು ಅಂದಿತು. ಉಪವಾಸದ ಸರ್ಟಿಫಿಕೇಟುಗಳಂತೂ ಅಷ್ಟರಲ್ಲಾಗಲೇ ಫ್ರೇಮು ಹಾಕಿಸಿಕೊಂಡು ಎಷ್ಟೋ ರಿಸೆಪ್ಷನ್ ಗೋಡೆ ಏರಿಯಾಗಿತ್ತು.

ನಮ್ಮವರೂ ಕಡಿಮೆಯಿಲ್ಲ. ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ, ಪಟ್ಟಣ ಕಟ್ಟಲು ಸುಮಾರು 130 ಚದರ ಕಿಲೋಮೀಟರ್ ಮಳೆಕಾಡು ಬೇಕಂತೆ. ಪರಿಹಾರವಾಗಿ ಕಾಡು ಬೆಳೆಸಲು ಹುಡುಕಿದ ಜಾಗ ಹರಿಯಾಣ. ಎರಡು ಸಾವಿರ ಕಿಲೋಮೀಟರಿಗೂ ಆಚೆ, ಸಮುದ್ರ ಎಂದರೆ ಟೀವಿಯಲ್ಲಿ ನೋಡಬೇಕಾದ ನಾಡು. ನಿಕೋಬಾರಿನ ಹಕ್ಕಿಗಳು ಅಲ್ಲಿಗೆ ವಿಮಾನದಲ್ಲಿ ಹೋಗಬೇಕು. ನಿಲ್ದಾಣ ಹೇಗೂ ಕಟ್ಟುತ್ತಿದ್ದಾರಲ್ಲ.

ಫುಟ್‌ಬಾಲಿನವರದ್ದಂತೂ ವಿಶ್ವಮಟ್ಟದ ಆಟ. ಮರಳುಗಾಡಿನಲ್ಲಿ ಸಾಲು ಸಾಲು ಹೊಸ ಸ್ಟೇಡಿಯಂ ಕಟ್ಟಿ, ಬಯಲಿಗೇ ಎಸಿ ಹಾಕಿಸಿ, ಜಗತ್ತಿನ ಮೂಲೆಮೂಲೆಯಿಂದ ಜನರನ್ನು ವಿಮಾನದಲ್ಲಿ ಕರೆಸಿ, 2022ರ ಕತಾರ್ ವಿಶ್ವಕಪ್ಪಿಗೆ ಕಾರ್ಬನ್ ನ್ಯೂಟ್ರಲ್, ಅಂದರೆ ಇಂಗಾಲದ ಲೆಕ್ಕ ಸರಿದೂಗಿಸಿದ ಕೂಟ, ಅಂತ ಹೆಸರಿಟ್ಟರು. ಮರುವರ್ಷ ಜೂನ್‌ನಲ್ಲಿ ಸ್ವಿಜರ್ಲೆಂಡಿನ ಜಾಹೀರಾತು ನಿಗಾ ಸಂಸ್ಥೆ, ಇದಕ್ಕೆ ಪುರಾವೆಯಿಲ್ಲ, ಹೀಗೆ ಹೇಳಿಕೊಳ್ಳಬೇಡಿ ಎಂದು ಫಿಫಾಗೆ ಹೇಳಿತು. ಅಷ್ಟರಲ್ಲಿ ವಿಶ್ವಕಪ್ಪು ಅರ್ಜೆಂಟೀನಾ ಸೇರಿ ಆರು ತಿಂಗಳಾಗಿತ್ತು.

ಪ್ರಶಸ್ತಿ ವಾಪಸು ಪಡೆದ ಉದಾಹರಣೆಯೂ ಇದೆ, ಅದನ್ನು ಹೇಳದೆ ಹೋದರೆ ಅನ್ಯಾಯ. ಅಮೆರಿಕದ ಗ್ರೀನ್ ಕಾರ್ ಜರ್ನಲ್ ಎಂಬ ಪತ್ರಿಕೆ 2009ರ ಸಾಲಿನ ವರ್ಷದ ಹಸಿರು ಕಾರು ಅಂತ ಫೋಕ್ಸ್‌ವ್ಯಾಗನ್ ಜೆಟ್ಟಾ ಡೀಸೆಲ್ಲಿಗೆ ಪಟ್ಟ ಕಟ್ಟಿತು. ಮರುವರ್ಷ ಅದೇ ಗುಂಪಿನ ಆಡಿ ಎ3 ಡೀಸೆಲ್ಲಿಗೆ. 2015ರ ಸೆಪ್ಟೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಕಾರಿನೊಳಗೆ ಒಂದು ಸಾಫ್ಟ್‌ವೇರ್. ಪರೀಕ್ಷೆ ನಡೆಯುತ್ತಿದೆ ಅಂತ ಗೊತ್ತಾದರೆ ಕಾರು ಸಭ್ಯಸ್ಥ, ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡು ಮಿತಿಗಿಂತ 40 ಪಟ್ಟಿನವರೆಗೂ. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ಚಮತ್ಕಾರವಿತ್ತು. ಪತ್ರಿಕೆ ಎರಡೂ ಪ್ರಶಸ್ತಿಗಳನ್ನು ಹಿಂಪಡೆಯಿತು. ನನಗೆ ಆ ಕಾರಿನ ಬಗ್ಗೆ ಸ್ವಲ್ಪ ಗೌರವವೇ ಇದೆ. ಇನ್ಸ್‌ಪೆಕ್ಟರು ಬಂದಾಗ ಒಂದು ಮುಖ, ಹೋದಮೇಲೆ ಇನ್ನೊಂದು ಮುಖ ತೋರುವುದನ್ನು ಕಲಿಯಲು ನಮ್ಮ ಕಾರ್ಖಾನೆಗಳಿಗೆ ತಲೆಮಾರುಗಳು ಬೇಕಾದವು. ಅದು ಶೋರೂಮಿನಿಂದಲೇ ಕಲಿತು ಬಂದಿತ್ತು.

2024ರ ಅಕ್ಟೋಬರಿನಲ್ಲಿ ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ಕಣ್ಣು ಬಿಟ್ಟಿತು. ಪುರಾವೆ ಇಲ್ಲದೆ ಹಸಿರು, ಪರಿಸರಸ್ನೇಹಿ ಎಂದೆಲ್ಲ ಹೇಳಿಕೊಳ್ಳುವಂತಿಲ್ಲ ಎಂದು ಮಾರ್ಗಸೂಚಿ ತಂದಿತು. ಅಂದಿನಿಂದ ಪ್ರಶಸ್ತಿಗಳ ಬೆಲೆ ಏರಿರಬೇಕು. ತಾನೇ ಹೇಳಿಕೊಂಡರೆ ತಾನೇ ತೊಂದರೆ? ತೀರ್ಪುಗಾರರ ಬಾಯಲ್ಲಿ ಹೇಳಿಸಿದರಾಯಿತು.

ಅರ್ಜಿ, ಮೂಲ ವರ್ಷ, ಸಲಹೆಗಾರರು ಯಾವುದೂ ಇಲ್ಲದೆ ಕೆಲಸ ಮಾಡಿದವರ ಪಾಡು ಏನು? ಸಾಲುಮರದ ತಿಮ್ಮಕ್ಕ ಗಂಡನ ಜೊತೆ ಹುಲಿಕಲ್–ಕುದೂರು ರಸ್ತೆಯಲ್ಲಿ ಕೊಡದಲ್ಲಿ ನೀರು ಹೊತ್ತು ಬೆಳೆಸಿದ 385 ಆಲದ ಮರಗಳನ್ನು ಯಾವ ಸ್ಕೋಪಿಗೆ ಸೇರಿಸುವುದು? 2019ರಲ್ಲಿ ಆಕೆಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಯೋಜನೆಯೂ ಬಂದು, ಆ ಮರಗಳನ್ನು ಉಳಿಸಿ ಎಂದು ಆ ವಯಸ್ಸಿನಲ್ಲಿ ಆಕೆ ಸರ್ಕಾರಕ್ಕೆ ಮೊರೆಯಿಡಬೇಕಾಯಿತು. ಪದಕ ಒಂದು ಇಲಾಖೆಯದು, ರಸ್ತೆ ಇನ್ನೊಂದು ಇಲಾಖೆಯದು. ಫೈಲುಗಳಿಗೆ ಪರಸ್ಪರ ಪರಿಚಯವಿಲ್ಲ.

ಹೀಗಿರುವಾಗ ನಮ್ಮ ಬೀದಿಯ ಗುಜರಿ ಅಂಗಡಿಯವರ ಹೆಸರನ್ನು ಯಾರಾದರೂ ಸೂಚಿಸಿದರೆ ಏನಾದೀತು ಅಂತ ಕಲ್ಪಿಸಿಕೊಂಡೆ. ಇಡೀ ಬಡಾವಣೆಯ ಕಬ್ಬಿಣ, ಕಾಗದ, ಸೀಸೆ, ಪ್ಲಾಸ್ಟಿಕ್ಕನ್ನು ಮತ್ತೆ ಕಾರ್ಖಾನೆ ಮುಟ್ಟಿಸುವ ಮನುಷ್ಯ. ಟೈ ಕಟ್ಟಿದ ಸಲಹೆಗಾರರು ಲ್ಯಾಪ್‌ಟಾಪ್ ಹಿಡಿದು ಬಂದು, ತಗಡಿನ ಡಬ್ಬದ ಮೇಲೆ ಕರ್ಚೀಫು ಹಾಸಿ ಕೂರುತ್ತಾರೆ.

"ನಿಮ್ಮ ಬೇಸ್ ಇಯರ್ ಯಾವುದು?"

"ಅಂಗಡಿ ಹಾಕಿದ್ದಾ ಸಾರ್? ನಮ್ಮಪ್ಪನ ಕಾಲದ್ದು."

"ಅಲ್ಲ, ಯಾವ ವರ್ಷದಿಂದ ಹೊಗೆ ಇಳಿಸ್ತಾ ಬಂದಿದ್ದೀರಿ ಅಂತ."

"ಹೊಗೆ ಎಲ್ಲಿ ಬಂತು ಸಾರ್? ಒಂದು ತಳ್ಳೋ ಗಾಡಿ, ಒಂದು ತಕ್ಕಡಿ, ಒಂದು ಬಲ್ಬು."

"ಎಸಿ ಇದೆಯಾ?"

"ಎಂಟು ಇದೆ. ಕಾಪರ್ ಬಿಚ್ಚಾಗಿದೆ, ಬರೀ ಬಾಡಿ. ಬೇಕಿತ್ತಾ?"

"ಬೇಡ ಬೇಡ. ಸಸ್ಟೈನಬಿಲಿಟಿ ರಿಪೋರ್ಟ್?"

"ಅದು ಮೂರು ಮೂಟೆ ಇದೆ ಸಾರ್, ಕಂಪನಿಗಳಿಂದ ಬಂದಿದ್ದು. ಎಲ್ಲಾ ಹೊಳೆಯೋ ಪೇಪರ್ರು, ರೇಟು ಬರಲ್ಲ. ನ್ಯೂಸ್‌ಪೇಪರ್ ಆದ್ರೆ ಪರವಾಗಿಲ್ಲ. ಟ್ರೋಫಿನೂ ಒಂದು ಚೀಲ ಇದೆ ನೋಡಿ. ಹಿತ್ತಾಳೆ ಅಂದ್ಕೊಂಡು ತಗೊಂಡೆ, ಒಡೆದು ನೋಡಿದ್ರೆ ಒಳಗೆ ಪ್ಲಾಸ್ಟಿಕ್ಕು, ಮೇಲೆ ಬರೀ ಬಣ್ಣ. ಗಾಜಿನ ಥರ ಇರೋದು ಗಾಜಲ್ಲ, ಅಕ್ರಿಲಿಕ್ಕು. ಯಾರೂ ಎತ್ತಲ್ಲ ಸಾರ್ ಅದನ್ನ."

ಸಲಹೆಗಾರರು ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಮೊದಲಿನಿಂದಲೂ ಹೊಗೆಯನ್ನೇ ಬಿಡದವನು ಇಳಿಸುವುದಾದರೂ ಏನನ್ನು? ಅವರ ಎಕ್ಸೆಲ್ ಶೀಟು ಸೊನ್ನೆಯಿಂದ ಭಾಗಿಸಲಾಗದು ಅಂತ ಎರರ್ ತೋರಿಸುತ್ತಿದೆ. ಆದರೂ ಒಳ್ಳೆಯ ಮನುಷ್ಯರು, ದಾರಿ ಹೇಳಿಕೊಡುತ್ತಾರೆ.

"ಒಂದು ಕೆಲಸ ಮಾಡಿ. ದೊಡ್ಡದೊಂದು ಡೀಸೆಲ್ ಜನರೇಟರ್ ಹಾಕ್ಸಿ. ಒಂದು ವರ್ಷ ಹಗಲೂ ರಾತ್ರಿ ಓಡ್ಸಿ, ಬಿಲ್ಲೆಲ್ಲ ಜೋಪಾನವಾಗಿ ಇಟ್ಕೊಳ್ಳಿ. ಬರೋ ವರ್ಷ ಏಪ್ರಿಲ್ ಒಂದನೇ ತಾರೀಕು ಆಫ್ ಮಾಡ್ಬಿಡಿ. ನೂರಕ್ಕೆ ನೂರು ಇಳಿಕೆ! ಮೊದಲನೇ ಬಹುಮಾನ ನಿಮ್ದೇ."

"ಆಫ್ ಮಾಡಿದ್ಮೇಲೆ ಜನರೇಟರ್ ಏನ್ ಮಾಡ್ಲಿ ಸಾರ್?"

"ಯಾವುದಾದ್ರೂ ಗುಜರಿಗೆ ಹಾಕಿ. ಮರುಬಳಕೆ ವಿಭಾಗದಲ್ಲೂ ಅರ್ಜಿ ಹಾಕ್ಬಹುದು. ಅದಕ್ಕೆ ಶುಲ್ಕ ಬೇರೆ, ಜಿಎಸ್‌ಟಿ ಬೇರೆ."