ಭಾರ ಎತ್ತಿದರೆ ಗಾಲ್ಫ್ ಸ್ವಿಂಗ್ ಕೆಡುತ್ತದೆಯೇ?

ಗಾಲ್ಫ್ ಆಡುವ ಕಾಲೇಜು ಮಕ್ಕಳು ಜಿಮ್‌ನಲ್ಲಿ ಭಾರ ಎತ್ತಿದರೆ ಮೈ ಬಿಗಿದು ಸ್ವಿಂಗ್ (ಚೆಂಡಿಗೆ ಹೊಡೆಯಲು ಕೋಲು ಬೀಸುವ ರೀತಿ) ಹಾಳಾಗುತ್ತದೆ ಎನ್ನುವ ಸಂದೇಶ ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಿಗೂ ಆಗಾಗ ಬರುತ್ತದೆ. ಕಳುಹಿಸುವವರಿಗೆ ಮಕ್ಕಳ ಮೇಲಿನ ಕಾಳಜಿಯೇ ಕಾರಣ. ಆದರೆ ಮಾತು ಸರಿಯಲ್ಲ.

ಕೀಲುಗಳು ಪೂರ್ತಿ ಚಲಿಸುವಂತೆ ಭಾರ ಎತ್ತಿದರೆ ಮೈಯ ಬಾಗುವಿಕೆ ಕುಗ್ಗುವುದಿಲ್ಲ, ಹೆಚ್ಚುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳು ಇದನ್ನೇ ಹೇಳುತ್ತವೆ. ಚೆಂಡಿಗೆ ವೇಗ ಕೊಡುವುದು ತೋಳುಗಳಷ್ಟೇ ಅಲ್ಲ. ಕಾಲು, ಸೊಂಟ ಮತ್ತು ಮೈಯ ನಡುಭಾಗದ ಬಲವೂ ಹೌದು. 18 ಕುಳಿಗಳ ಆಟಕ್ಕೆ ಸುಮಾರು 8ರಿಂದ 10 ಕಿಲೋಮೀಟರ್ ನಡೆಯಬೇಕು. ಏರುತಗ್ಗಿನ ನೆಲದಲ್ಲಿ ಬಲವಿಲ್ಲದ ಕಾಲುಗಳು ಕೊನೆಯ ಕುಳಿಗಳಲ್ಲಿ ಸೋಲುತ್ತವೆ.

ಹಾಗೆಂದು ಪಂದ್ಯದ ಹಿಂದಿನ ದಿನ ಮೈ ನೋಯುವಷ್ಟು ಎತ್ತಬಾರದು; ಸಂದೇಶದ ಭಯಕ್ಕೆ ಬೇರು ಬಹುಶಃ ಇಂತಹ ಅನುಭವವೇ. ವರ್ಷಗಟ್ಟಲೆ ನಡೆಯಬೇಕಾದ ತಾಲೀಮು ಇದು. ಮೈದಾನ ನೆನೆದು ನಿಲ್ಲುವ ನಮ್ಮ ಮುಂಗಾರಿನ ತಿಂಗಳುಗಳು ಬಲ ಬೆಳೆಸಲು ಹೇಳಿಮಾಡಿಸಿದ ಕಾಲ. ಪಂದ್ಯಗಳು ಶುರುವಾದ ಮೇಲೆ ವ್ಯಾಯಾಮದ ಪ್ರಮಾಣ ತಗ್ಗಿಸಬೇಕು, ಪೂರ್ತಿ ಬಿಡಬಾರದು.

ಇಂತಹ ಸಂದೇಶ ಬಂದಾಗ ಯಾವ ಅಧ್ಯಯನ, ಯಾವ ವರ್ಷ, ಎಷ್ಟು ಜನರ ಮೇಲೆ ಎಂದು ನೋಡಿ. ‘ತಜ್ಞರು ಹೇಳಿದ್ದಾರೆ’ ಎಂದಷ್ಟೇ ಇದ್ದರೆ ಮುಂದಕ್ಕೆ ಕಳುಹಿಸಬೇಡಿ. ಸಂಶೋಧನಾ ಲೇಖನಗಳ ಸಾರಾಂಶ ಪಬ್‌ಮೆಡ್ ಎಂಬ ವೈದ್ಯಕೀಯ ಸಂಶೋಧನೆಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಮನೆಯಲ್ಲೂ ಪರೀಕ್ಷಿಸಬಹುದು. ಕುರ್ಚಿಯಲ್ಲಿ ಕುಳಿತು, ಎದೆಗೆ ಅಡ್ಡಲಾಗಿ ಕೋಲು ಹಿಡಿದು, ಸೊಂಟ ಕದಲಿಸದೆ ಎರಡೂ ಕಡೆ ತಿರುಗಿ. ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಿ. ತರಬೇತುದಾರರ ಕಣ್ಣೆದುರು ಎರಡು ತಿಂಗಳು ಕ್ರಮವಾಗಿ ಭಾರ ಎತ್ತಿದ ಮೇಲೆ ಮತ್ತೆ ತಿರುಗಿ, ಎರಡೂ ಚಿತ್ರಗಳನ್ನು ಹೋಲಿಸಿ ನೋಡಿ.